ಹಿತ್ತಲ ಕಿಟಕಿಯ ಸ್ಪೀಕರ್

ನಾನು ಒಮ್ಮೆ ಸಿಡಿಲಿನ ಆವಾಜು ಇಳಿಸಿದವನು. ಇದೇ ಬಲಗೈ ಹೆಬ್ಬೆರಳಿನಿಂದ. ಮಿಶ್ರಿಕೋಟಿ ಕೆರೆ ದಂಡೆಯ ಮನೆಯೊಂದರಲ್ಲಿ ಕುಬಸದ ಊಟ ನಡೆದಿತ್ತು, ನಾನು ಸ್ಪೀಕರ್ ಹಚ್ಚಿ ಅಂಗಳದಲ್ಲಿ ಕೂತಿದ್ದೆ. ಮೋಡ ಮಿಂಚಿದ್ದೇ ತಡ, ಈಗ ಬರುವುದು ಸಣ್ಣದಲ್ಲ ಎಂದು ನನ್ನ ಕಿವಿಗೆ ತಿಳಿಯಿತು. ಹೆಬ್ಬೆರಳನ್ನು ಆಕಾಶಕ್ಕೆ ಹಿಡಿದು ಮೆಲ್ಲಗೆ ಕೆಳಗೆ ಎಳೆದೆ. ದಂಡೆಯ ಮೇಲಿನ ಬೇವಿನಮರ ನಡುವಿಗೆ ಸೀಳಿ ಎರಡಾಯಿತು. ಸಪ್ಪಳ ಮಾತ್ರ ಹಪ್ಪಳ ಮುರಿದಷ್ಟೇ ಬಂತು. ಬಸುರಿ ಹೆಣ್ಣುಮಗಳು ಬಾಯಿಗೆ ಇಟ್ಟ ಹೋಳಿಗೆಯ ತುತ್ತು ಬಿಡಲಿಲ್ಲ. ನಂಬಿಕೆ ಬರದಿದ್ದರೆ ಮರದ ಬೊಡ್ಡೆ ಇನ್ನೂ ಅಲ್ಲೇ ಇದೆ, ಹೋಗಿ ನೋಡಿರಿ.

ಈ ಮಾತು ಬಂದಾಗಲೆಲ್ಲ ನನ್ನ ಹೆಂಡತಿ ರಾಜೇಶ್ವರಿ ಒಳಗಿನಿಂದಲೇ ಒಂದು ಒಗೆಯುತ್ತಾಳೆ: "ಸಿಡ್ಲಿನ ಆವಾಜು ಇಳಿಸೂ ಗಂಡಸ್ರ, ಕುಕ್ಕರ್ ಸೀಟಿ ಹೊಡ್ಯಾಕತ್ತೈತಿ. ಎದ್ದು ಗ್ಯಾಸ್ ಇಳಸ್ರಿ ಮೊದ್ಲ."

ಇರಲಿ. ನನ್ನ ಹೆಸರು ಮೈಲಾರಿ. ಮಿಶ್ರಿಕೋಟಿ ಬಸ್ ಸ್ಟ್ಯಾಂಡಿನ ಬಾಜು ನನ್ನ ಸೌಂಡ್ ಅಂಗಡಿ. ಒಂದು ಕಾಲಕ್ಕೆ ನಾನು ಹಾರ್ನ್ ಕಟ್ಟಿದರೆ ಕಲಘಟಗಿ ಅಡವಿಯ ನವಿಲುಗಳು ಕೂಗುವುದು ಬಿಟ್ಟು ಹಾಡು ಕೇಳುತ್ತಿದ್ದವು. ಈಗ ಮನೆಮನೆಗೂ ತಂತಿಯಿಲ್ಲದ ಬ್ಲೂಟೂತ್ ಸ್ಪೀಕರ್ ಬಂದಿದೆ. ಫೋನಿನಲ್ಲಿ ಒತ್ತಿದರೆ ಗೋಡೆಯ ಮಾಡದೊಳಗಿನ ಡಬ್ಬಿ ಹಾಡುತ್ತದೆ. ಮೈಲಾರಿಯ ಕತೆ ಮುಗಿಯಿತು ಅಂದರು ಮಂದಿ. ಆದರೆ ಅವರು ಸ್ಪೀಕರ್ ಕೊಂಡರು, ಕಿವಿ ಕೊಳ್ಳಲಿಲ್ಲ. ನೆಟ್ಟಿನಿಂದ ಬರುವ ಹಾಡುಗಳ ಹಣೆಬರಹ ನಿಮಗೂ ಗೊತ್ತಿದ್ದದ್ದೇ. ಒಂದು ಹಾಡಿನವನು ಚಾಡಿ ಹೇಳಿದಂತೆ ಪಿಸುಗುಡುತ್ತಾನೆ. ಕೇಳಲೆಂದು ಆವಾಜು ಏರಿಸಿದಿರೋ, ಅವನ ಹಿಂದೆ ಬಂದವನು ಕಪಾಳಕ್ಕೆ ಬಾರಿಸುತ್ತಾನೆ. ಒಂದು ನಿಶ್ಚಿತಾರ್ಥದಲ್ಲಿ ಹೀಗೇ ಆಗಿ, ಬೀಗರ ಮುದುಕನ ಕೈಯೊಳಗಿನ ಚಹಾದ ಬಸಿ ಹಾರಿ ಹೋಗಿ ಮದುಮಗನ ತಲೆಯ ಮೇಲೆ ಟೊಪ್ಪಿಗೆಯ ಹಾಗೆ ಕೂತಿತು. ಅಂದಿನಿಂದ ಮಂದಿ ಮತ್ತೆ ನನ್ನ ಅಂಗಡಿಯ ದಾರಿ ಹಿಡಿದರು. ನಾನು ಮಾಡುವುದಿಷ್ಟೇ. ಫೋನು ಹಿಡಿದು ಕೂರುತ್ತೇನೆ. ಹಾಡು ಬದಲಾಗುವ ಸಂದಿಯಲ್ಲಿ ಹೆಬ್ಬೆರಳು ಆಡಿಸುತ್ತೇನೆ. ಹುಟ್ಟುವ ಮೊದಲೇ ಹಾಡಿನ ದನಿ ಎಷ್ಟಿದೆ ಎಂದು ನನಗೆ ತಿಳಿಯುತ್ತದೆ.

ಸಂಗನಬಸವನ ಮಣ್ಣಿನ ದಿನ ನಾನು ಮಾಡಿದ ಕೆಲಸವನ್ನು ಕಲಘಟಗಿಯಿಂದ ಅಣ್ಣಿಗೇರಿವರೆಗೆ ಎಲ್ಲ ಚಹಾದಂಗಡಿಗಳಲ್ಲಿ ಹೇಳಿದ್ದೇನೆ. ಅಲ್ಲಿ ಹೇಳಿದ ಹಾಗೆಯೇ ಇಲ್ಲೂ ಹೇಳುತ್ತೇನೆ.

ಕಬ್ಬು ಕಡಿಯುವ ದಿನಗಳು. ಸಂಜೆ ಮಬ್ಬಿನಲ್ಲಿ ಹೊಲದಿಂದ ಬೈಕಿನ ಮೇಲೆ ಬರುತ್ತಿದ್ದ ನಮ್ಮೂರಿನ ಸಂಗನಬಸವ, ರಸ್ತೆಯ ಮೇಲೆ ಹಿಂದೀಪವಿಲ್ಲದೆ ನಿಂತಿದ್ದ ಕಬ್ಬಿನ ಟ್ರೇಲರಿಗೆ ಹೋಗಿ ಹೊಡೆದ. ಅಲ್ಲೇ ಮುಗಿದ. ಇನ್ನೂ ಐವತ್ತು ತುಂಬಿರಲಿಲ್ಲ. ಹೆಣವನ್ನು ಹುಬ್ಬಳ್ಳಿಗೆ ಒಯ್ದು, ಕೊಯ್ದು, ಹೊಲಿದು, ಮರುದಿನ ಮುಂಜಾನೆ ಊರಿಗೆ ತರುವವರಿದ್ದರು. ಆ ಮುಂಜಾನೆ ನಾನು ಅಂಗಡಿಯ ಬಾಗಿಲು ತೆಗೆಯುತ್ತಿದ್ದಾಗ ಸಂಗನಬಸವನ ಕಾಕಾ ಈರಪ್ಪ ಬಂದು ಎದುರಿಗೆ ನಿಂತ.

"ಲೇ ಮೈಲಾರಿ, ನಿನ್ನ ಸಣ್ಣ ಸ್ಪೀಕರ್ ತಗೊಂಡು ನಡಿ. ಹಾರ್ನ್ ಬ್ಯಾಡ."

"ಭಜನಿಗೇನ್ರಿ ಕಾಕಾ?"

"ಭಜನಿ ಅಂಬೂದು ಒಂದು ನೆವ." ಈರಪ್ಪ ಅಂಗಡಿಯ ಕಟ್ಟೆಗೆ ಕೂತ. ರಾತ್ರಿಯಿಡೀ ಕಣ್ಣು ಮುಚ್ಚಿದವನ ಹಾಗೆ ಕಾಣಲಿಲ್ಲ. "ನಮ್ಮ ವೈನಿಗೆ ಹೇಳಿಲ್ಲ."

ವೈನಿ ಅಂದರೆ ಅವನ ಅತ್ತಿಗೆ ಸಾವಿತ್ರೆವ್ವ, ಸಂಗನಬಸವನ ತಾಯಿ. ಟೊಂಕದ ಎಲುಬು ಮುರಿದು ಹಿತ್ತಲ ಕಡೆಯ ಖೋಲಿಯಲ್ಲಿ ಮಲಗಿದ್ದಳು. ಅದರ ಮೇಲೆ ಎದೆಯ ಬೇನೆ ಬೇರೆ.

"ಹೇಳಿದ್ರ ಎರಡು ಹೆಣ ಎತ್ತಬೇಕಾಗತೈತಿ," ಅಂದ ಈರಪ್ಪ. "ಗಾಬರಿ ಆಗೂ ಸುದ್ದಿ ಆಕಿ ಕಿವಿಗೆ ಬೀಳಬಾರದು ಅಂತ ಡಾಕ್ಟರ್ ಹೇಳ್ಯಾನ. ಮಠದ ಅಜ್ಜಾರು ಬರತಾರ, ಮನಿಯಾಗ ಪಾದಪೂಜಿ ಐತಿ, ಅದಕ ಮಂದಿ ಕೂಡತಾರ ಅಂತ ಹೇಳಿಟ್ಟೇವಿ. ಇನ್ನ ಹೆಣ್ಮಕ್ಳು. ಅಳಬ್ಯಾಡ್ರಿ ಅಂದ್ರ ಕೇಳತಾರೇನು? ಆ ಅಳು ಹಿತ್ತಲಕ ಹೋಗಬಾರದು. ಅದಕ ನೀನು ಬೇಕು."

"ಆತ್ರಿ. ಮುಂದೊಂದು ಇಡತೇನಿ, ಯವ್ವನ ಕಿಟಕ್ಯಾಗ ಒಂದು ಇಡತೇನಿ."

"ಒಂದು ಹಾಡು ದೊಡ್ಡದು, ಒಂದು ಸಣ್ಣದು ಬಂತಂದ್ರ ಮುಗೀತು ನೋಡು. ಸಣ್ಣದು ಬಂದಾಗ ಅಳು ಕೇಳಸತೈತಿ."

"ಕಾಕಾ, ನನ್ನ ಫೋನಿನ್ಯಾಗ ಒಂದು ಸೆಟಿಂಗ್ ಐತ್ರಿ. ಅದನ್ನ ಚಾಲೂ ಮಾಡಿದ್ರ ಎಲ್ಲಾ ಹಾಡು ಹಣಗಿ ಹಲ್ಲಿನಂಗ ಒಂದ ಸಮ. ನಡುವ ಗುಂಗಾಡ ರೆಕ್ಕಿ ಬಡದ್ರೂ ಯವ್ವಗ ಕೇಳೂದಿಲ್ಲ."

"ಬುರುಡಿ ಬಿಡಬ್ಯಾಡಲೇ. ಇದು ಲಗ್ನದ ಮನಿ ಅಲ್ಲ."

"ನಿಮ್ಮಾಣಿ ಕಾಕಾ."

ಹೀಗೆ ಆಣೆ ಮಾಡಿ ಹೋದೆ. ಹೆಣ ಬಂತು. ಆ ಮನೆತನದವರು ಸತ್ತವರನ್ನು ಮಲಗಿಸುವುದಿಲ್ಲ. ಮೀಯಿಸಿ, ಹಣೆ ತುಂಬ ವಿಭೂತಿ ಬಳಿದು, ಪಡಸಾಲೆಯ ಗೋಡೆಗೆ ಆನಿಸಿ ಕುಂದರಿಸುತ್ತಾರೆ. ಕೂತಂತೆಯೇ ಒಯ್ದು, ಕೂತಂತೆಯೇ ಮಣ್ಣು ಮಾಡುತ್ತಾರೆ. ಬೇರೆ ದಿನವಾಗಿದ್ದರೆ ಓಣಿಯ ಭಜನೆಯವರು ತಾಳ, ದಪ್ಪು ಹಿಡಿದು ಬಂದು ಕೂರುತ್ತಿದ್ದರು. ಹೆಂಗಸರು ಸತ್ತವನ ಗುಣಗಳನ್ನು ಹಾಡಿ ಹಾಡಿ ಅಳುತ್ತಿದ್ದರು. ಅಂದು ದಪ್ಪು ಬೇಡ ಅಂದರು, ಹಾಡಿ ಅಳುವುದೂ ಬೇಡ ಅಂದರು. ಸಂಗನಬಸವನ ಹೆಂಡತಿ ಮಹಾನಂದಕ್ಕನ ಕಿವಿಯ ಹತ್ತಿರ ಬಗ್ಗಿ ಈರಪ್ಪ ಹೇಳಿದ್ದನ್ನು ನಾನೇ ಕೇಳಿದೆ: "ದನಿ ತೆಗೀಬ್ಯಾಡ ತಂಗಿ. ಮುದುಕಿ ಜೀವ ನಿನ್ನ ಕೈಯಾಗ ಐತಿ."

ಪಡಸಾಲೆಯಲ್ಲಿ ನಮ್ಮನ್ನು ಕೂಡಿಸುವ ಮನೆಯಲ್ಲ ಅದು. ಹಿತ್ತಲಿನಲ್ಲಿ, ಸಾವಿತ್ರೆವ್ವನ ಕಿಟಕಿಯ ಹೊರಗೆ ನನಗೊಂದು ಪ್ಲಾಸ್ಟಿಕ್ ಕುರ್ಚಿ ಹಾಕಿದರು. ಬಲಗಡೆ ಕಿಟಕಿ, ಕಿಟಕಿಯ ಸರಳಿನೊಳಗೆ ನನ್ನ ಸ್ಪೀಕರ್, ಅದರ ಆಚೆ ಅವಳ ಮಂಚ. ಎಡಗಡೆ ಹಿತ್ತಲ ಬಾಗಿಲು. ಅಲ್ಲಿಂದ ನಡುಮನೆ ಹಾಯ್ದು ನೋಡಿದರೆ ಪಡಸಾಲೆಯ ಒಂದು ತುಣುಕು ಕಾಣುತ್ತಿತ್ತು. ಮಹಾನಂದಕ್ಕನ ಬೆನ್ನು. ಅದರಾಚೆ ಅವಳ ಗಂಡನ ಮಡಚಿದ ಮೊಣಕಾಲು.

ಆ ದಿನ ನಾನು ಆವಾಜು ನಡೆಸಿದ ಹಾಗೆ ಈ ಭೂಮಿಯ ಮೇಲೆ ಯಾರೂ ನಡೆಸಿರಲಿಕ್ಕಿಲ್ಲ. ಮುಂಜಾನೆಯಿಂದ ಇಳಿಹೊತ್ತಿನವರೆಗೆ ಹಾಡಿನ ಹಿಂದೆ ಹಾಡು, ಸಂದಿಲ್ಲ, ಏರಿಲ್ಲ, ಇಳಿತವಿಲ್ಲ. ನಾನು ನೀರು ಕುಡಿಯಲಿಲ್ಲ, ರೆಪ್ಪೆ ಹೊಡೆಯಲಿಲ್ಲ. ಹಿತ್ತಲಲ್ಲಿದ್ದ ಎಮ್ಮೆ ಮೆಲುಕು ಹಾಕುವುದನ್ನೂ ಹಾಡಿನ ತಾಳಕ್ಕೆ ಕೂಡಿಸಿಕೊಂಡೆ. ಒಮ್ಮೆ, ಒಮ್ಮೆ ಮಾತ್ರ, ಪಡಸಾಲೆಯಿಂದ ಮಹಾನಂದಕ್ಕನ ದನಿ ಎದ್ದು ಗಿಡುಗದ ಹಾಗೆ ಹಿತ್ತಲ ಕಡೆ ಬಂತು. ನಡುಮನೆಯ ಹೊಸ್ತಿಲು ದಾಟುವ ಮೊದಲೇ ಅದನ್ನು ಹಾಡಿನಲ್ಲಿ ಮುಳುಗಿಸಿಬಿಟ್ಟೆ. ಸಾವಿತ್ರೆವ್ವ ಕಲಘಟಗಿಯ ಬಣ್ಣದ ತೊಟ್ಟಿಲಲ್ಲಿ ಹಾಕಿದ ಕೂಸಿನ ಹಾಗೆ ಮಲಗಿದ್ದಳು. ತುಟಿಯ ಮೇಲೆ ನಗು ಸಹ ಇತ್ತು. ಇಳಿಹೊತ್ತಿಗೆ ಸಂಗನಬಸವನನ್ನು ಎತ್ತಿದರು. ಊರ ಹೊರಗಿನ ಹಳ್ಳ ದಾಟುವತನಕ ದಪ್ಪು ಬಾರಿಸಲಿಲ್ಲ. ತನ್ನ ಮನೆಯಿಂದ ತಾನೇ ಕಳ್ಳನ ಹಾಗೆ ಸದ್ದಿಲ್ಲದೆ ಹೊರಬಿದ್ದ.

ಮಗ ಕಬ್ಬಿನ ಪಾಳಿ ಹಿಡಿದು ಫ್ಯಾಕ್ಟರಿಗೆ ಹೋಗಿದ್ದಾನೆ, ಅಲ್ಲೇ ತಡವಾಗಿದೆ ಎಂದು ಸಾವಿತ್ರೆವ್ವನಿಗೆ ಹೇಳಿದರು. ಮುತ್ತೈದೆಯ ಕೈಯ ಬಳೆ, ಹಣೆಯ ಕುಂಕುಮ ತೆಗೆದ ಮೇಲೆ ಮಹಾನಂದಕ್ಕ ಅತ್ತೆಯ ಎದುರಿಗೆ ಹೋಗುವುದು ಹೇಗೆ? ಅದಕ್ಕೂ ಈರಪ್ಪ ದಾರಿ ಹುಡುಕಿದ. ಖೋಲಿಯ ಬಾಗಿಲ ಹೊರಗೆ ಒಂದು ತಟ್ಟೆಯಲ್ಲಿ ಹಸಿರು ಬಳೆ, ಕುಂಕುಮದ ಭರಣಿ ಇಟ್ಟರು. ಮಹಾನಂದಕ್ಕ ಗಂಜಿ ಒಯ್ಯುವಾಗ ಬಳೆ ಏರಿಸಿ, ಕುಂಕುಮ ಇಟ್ಟುಕೊಂಡು ಒಳಗೆ ಹೋಗುವುದು. ಹೊರಗೆ ಬಂದು ಬಳೆ ಇಳಿಸಿ, ಹಣೆ ಒರೆಸಿಕೊಳ್ಳುವುದು. ಗಂಜಿಗೊಮ್ಮೆ, ಔಷಧಿಗೊಮ್ಮೆ, ನೀರಿಗೊಮ್ಮೆ. ಇದನ್ನು ನೋಡಿದ ಓಣಿಯ ಹೆಂಗಸರು ಆ ಮನೆಗೆ ಹೋಗುವುದನ್ನೇ ಬಿಟ್ಟರು. ನೋಡಲಾಗುತ್ತಿರಲಿಲ್ಲ ಅಂದರು.

ಚಂದಿರ ಒಮ್ಮೆ ತುಂಬಿ ಬರುವಷ್ಟರಲ್ಲಿ ಸಾವಿತ್ರೆವ್ವನೂ ಹೋದಳು. ನಿದ್ದೆಯಲ್ಲೇ ಹೋದಳು. ಪುಣ್ಯವಂತೆ, ಮಗನ ಸಾವು ತಿಳಿಯದೆ ಹೋದಳು ಎಂದು ಊರಿಗೆ ಊರೇ ಅಂದಿತು. ಆ ಪುಣ್ಯದಲ್ಲಿ ನನ್ನ ಪಾಲು ನಾನು ಬಿಡಲಿಲ್ಲ. "ಹೆತ್ತ ತಾಯಿಂದ ಹತ್ತು ಹೆಜ್ಜಿ ಆಚೆ ಮಗನ್ನ ಕುಂದರಿಸಿದ್ರು, ತಾಯಿಗೆ ಗೊತ್ತಾಗಲಿಲ್ಲ. ಯಾರಿಂದ? ಈ ಹೆಬ್ಬಟ್ಟಿನಿಂದ," ಎಂದು ಎಲ್ಲ ಕಡೆ ತೋರಿಸಿದೆ. ಚಹಾದಂಗಡಿಯ ಮಹಬೂಬಸಾಬ ನನ್ನ ಹೆಬ್ಬೆರಳನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. "ಮೈಲಾರಿ, ಇದಕ್ಕ ಒಂದು ಟೊಪ್ಪಿಗಿ ಹೊಲಿಸಪಾ, ನೆಗಡಿ ಆದೀತು," ಅಂದ. ನಕ್ಕರು. ನಗಲಿ. ಹೊರಗಿನ ಊರಿನವರು ನನ್ನನ್ನು ಹೆಸರು ಹೇಳಿ ಕರೆಸತೊಡಗಿದ್ದರು.

ಚಹಾದಂಗಡಿಯಲ್ಲಿ ಕತೆ ಇಲ್ಲಿಗೆ ಮುಗಿಯುತ್ತಿತ್ತು.

ಸಾವಿತ್ರೆವ್ವನ ದಿನಕರ್ಮ ಎಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಮಹಾನಂದಕ್ಕ ನನ್ನ ಅಂಗಡಿಗೆ ಬಂದಳು. ಆ ಮನೆಯ ಹೆಂಗಸರು ಬಸ್ ಸ್ಟ್ಯಾಂಡಿನ ಕಡೆ ಹಾಗೆ ಒಬ್ಬರೇ ಬರುವವರಲ್ಲ. ನಾನು ಎದ್ದು ನಿಂತು ಸ್ಟೂಲು ಒರೆಸಿದೆ. ಅವಳು ಕೂರಲಿಲ್ಲ.

"ಚಹಾ ಹೇಳಲೇನ್ರಿ ಅಕ್ಕಾರ?"

"ಬ್ಯಾಡ. ನಿನ್ನ ಒಂದು ಮಾತು ಕೇಳಾಕ ಬಂದೇನಿ. ಆ ದಿವಸ ನಮ್ಮ ಅತ್ತಿ ಏನು ಕೇಳಿದ್ಲು?"

"ಏನೂ ಇಲ್ಲರಿ. ಹಾಡು ಕೇಳಿದ್ಲು, ಮಲಗಿದ್ಲು. ನಾ ಬಾಜೂಕ ಇದ್ದೆ ಅಲ್ಲರಿ. ಅಗದಿ ಕೂಸಿನಂಗ."

"ನನ್ನ ದನಿ?"

"ಎಲ್ಲೀದರಿ? ಎಲ್ಲಾ ಹಾಡು ಒಂದ ಸಮ ಇದ್ದುವು. ಹಣಗಿ ಹಲ್ಲಿನಂಗ."

ಮಹಾನಂದಕ್ಕ ನನ್ನ ಮುಖವನ್ನೇ ನೋಡಿದಳು. ಆಮೇಲೆ ನೆಲ ನೋಡುತ್ತ ಹೇಳಿದಳು: "ಮೈಲಾರಿ, ಆ ದಿವಸ ನಿನ್ನ ಹಾಡು ಎಷ್ಟೆಷ್ಟು ಏರಿದುವು, ಎಷ್ಟೆಷ್ಟು ಇಳದುವು ಅಂಬೂದು ನಿನಗ ಗೊತ್ತಿಲ್ಲ, ನನಗ ಗೊತ್ತೈತಿ. ದೊಡ್ಡ ಹಾಡು ಬಂದಾಗ ನಾ ಬಾಯಿ ತಗದು ಅಳತಿದ್ದೆ. ಸಣ್ಣ ಹಾಡು ಬಂತು, ಸೆರಗು ಬಾಯಾಗ ತುರುಕ್ಕೊಂಡೆ. ಮತ್ತ ದೊಡ್ಡದು ಬರೂತನಕ ಕಾದೆ. ಗಂಡನ ಮುಂದ ಕುಂತು ಅಳಾಕ ಹಾಡು ಕಾದೇನಿ ನಾನು. ಒಂದ ಸಮ ಇದ್ದುವು ಅಂತ ನನ್ನ ಮುಂದ ಹೇಳತೀ?"

"ಹಂಗಲ್ಲರಿ ಅಕ್ಕಾರ, ಹಳೇ ಭಜನಿ ರೆಕಾರ್ಡಿಂಗ್ ಒಂದಿಷ್ಟು ಸಣ್ಣ..."

"ಒಂದು ಹಾಡು ದೊಡ್ಡ ದನಿಲೇ ನಡದಿತ್ತು. ನಾನೂ ಹೊಯ್ಕೊಳ್ಳಾಕತ್ತಿದ್ದೆ. ಅದು ಮುಗದು ಅದರ ಬೆನ್ನಿಗೆ ಇನ್ನೊಂದು ಬಂತು ನೋಡು, ಹಾಡ್ಯಾನೋ ಇಲ್ಲೋ ಅನ್ನೂವಷ್ಟು ಸಣ್ಣ. ನನ್ನ ಬಾಯಿ ತೆರದ ಇತ್ತು. ಅವರ ಹೆಸರು ಹಿಡದು ಒದರಿದ್ದು ಇಡೀ ಮನಿ ತುಂಬಿತು. ಕಾಕಾ ನನ್ನ ಕಡೆ ನೋಡಿದ ನೋಟ ಇನ್ನೂ ಐತಿ ಕಣ್ಣಾಗ. ನೀ ಆಮ್ಯಾಲೆ ಏರಿಸಿದಿ. ಆಮ್ಯಾಲೆ ಏರಿಸಿ ಏನು ಬಂತು?"

"ಅಕ್ಕಾರ, ಸೆಟಿಂಗ್ ಚಾಲೂ ಇತ್ತರಿ. ನಿಮ್ಮ ಕಡೆ ಸ್ಪೀಕರಿನ ಬ್ಯಾಟರಿ ಏನರ..."

"ಫೋನ್ ತಾ."

ಕೊಟ್ಟೆ. ಕೊಡದೆ ಇರಲಾಗಲಿಲ್ಲ. ಅವಳು ಹಾಡಿನ ಆಪ್ ತೆಗೆದು, ಒಳಗೆ ಹೋಗಿ, ಅದರೊಳಗೆ ಮತ್ತೊಂದು ತೆಗೆದಳು. ಗಂಡ ಹೋದ ಮೇಲೆ ಮುಂಜಾನೆ ಪೂಜೆಯ ಹೊತ್ತಿಗೆ ತನ್ನ ಫೋನಿನಲ್ಲಿ ವಚನ ಹಚ್ಚುತ್ತಾಳೆ ಎಂದು ಕೇಳಿದ್ದೆ; ಅಲ್ಲೇ ಎಲ್ಲೋ ಕಲಿತಿರಬೇಕು. ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಎಲ್ಲ ಹಾಡಿನ ದನಿ ಸಮ ಮಾಡುವ ಗುಂಡಿ ಅದು. ಆರಿತ್ತು. ಅದು ಇರುವ ಜಾಗವನ್ನು ನಾನು ನೋಡಿದ್ದು ಅದೇ ಮೊದಲು. ಅಂಥದೊಂದು ಇದೆ ಎಂದು ಯಾರೋ ಹುಬ್ಬಳ್ಳಿಯಲ್ಲಿ ಹೇಳಿದ್ದರು, ಅಷ್ಟೇ.

"ಮೊನ್ನೆ ರಾಜೇಶ್ವರಿ ಕೈಯಾಗ ಇತ್ತರಿ ಫೋನು, ಆಕಿ ಏನರ ಒತ್ತಿ..."

"ನಾ ಫೋನಿನ ಸಲುವಾಗಿ ಬಂದಿಲ್ಲ." ಫೋನನ್ನು ಮೇಜಿನ ಮೇಲೆ ಇಟ್ಟಳು. "ಸಂಡಾಸಕ್ಕ ಹೋದ ಮಗ ಬರೂದು ಸ್ವಲ್ಪ ತಡ ಆದ್ರ, ಸಂಗಣ್ಣ ಎಲ್ಲಿ ಅಂತ ಕೇಳಾಕಿ ಆಕಿ. ಆ ದಿವಸದ ಮ್ಯಾಲೆ ಒಂದು ಸಲ ಅವರ ಹೆಸರು ತಗೀಲಿಲ್ಲ. ಫ್ಯಾಕ್ಟರಿಂದ ಬಂದನೇನು ಅಂತ ಕೇಳಲಿಲ್ಲ. ನಾ ಬಳಿ ಹಾಕ್ಕೊಂಡು, ಕುಂಕುಮ ಹಚ್ಚಿಕೊಂಡು ಒಳಗ ಹೋದ್ರ ಕಣ್ಣು ಮುಚ್ಚತಿದ್ಲು. ಗಂಜಿ ಕುಡಿಯೂವಾಗೂ ಮುಚ್ಚತಿದ್ಲು. ನನ್ನ ಹಣಿ ನೋಡಲಿಲ್ಲ. ಒಂದು ದಿವಸ ನೋಡಲಿಲ್ಲ. ಗೊತ್ತಿಲ್ಲದಾಕಿ ಯಾಕ ಕಣ್ಣು ಮುಚ್ಚತಾಳ?"

ನಾನು ಸ್ಟೂಲನ್ನು ಅವಳ ಕಡೆ ಸರಿಸಿದೆ.

"ನನ್ನ ದನಿ ಕೇಳಿನ ಆಕಿಗೆ ಗೊತ್ತಾತು. ಮುದುಕಿ ಜೀವ ನಿನ್ನ ಕೈಯಾಗ ಐತಿ ಅಂದಿದ್ದ ಕಾಕಾ. ನಾ ಅದನ್ನ ಕಳದೆ. ಮನಿಯಾಗ ಯಾರ ಮುಂದೂ ಹೇಳಿಲ್ಲ ಇದನ್ನ. ಅವರ ಸಲುವಾಗಿ ಅತ್ತದ್ದಕ್ಕ ಅವರ ತಾಯಿ ಹೋದ್ಲು. ಅತ್ತಿ ಹೋದಾಗ ಅಳಾಕೂ ನನಗ ಮಾರಿ ಉಳೀಲಿಲ್ಲ. ಅದಕ ಕೇಳತೇನಿ. ನೀ ಕಿಟಕಿ ಮುಂದ ಇದ್ದಿ. ಹೌದೋ ಅಲ್ಲೋ, ಒಂದು ಮಾತು ಹೇಳು. ಹೌದು ಅಂದ್ರೂ ನಿನಗ ಏನೂ ಅನ್ನೂದಿಲ್ಲ, ನನ್ನ ಪಾಲಿಂದು ನಾ ಹೊರತೇನಿ."

ಇಲ್ಲರಿ, ಮಲಗಿದ್ದಳು ಎಂದು ಇನ್ನೊಮ್ಮೆ ಹೇಳಬಹುದಿತ್ತು. ಬಾಯಿಯವರೆಗೂ ಬಂತು. ಆದರೆ ಅವಳ ಕೈ ನೋಡಿದೆ. ದಿನಕ್ಕೆ ಎಷ್ಟೋ ಸಲ ಬಳೆ ಏರಿಸಿ ಇಳಿಸಿ ಮುಂಗೈಯ ಚರ್ಮ ಕಿತ್ತು, ಗಾಯ ಒಣಗಿ ಕಪ್ಪಾಗಿತ್ತು.

"ಅಲ್ಲರಿ," ಅಂದೆ. "ನಿಮ್ಮ ದನಿಯಿಂದ ಅಲ್ಲ."

"ಮತ್ತ ಸುಳ್ಳ."

"ಇಲ್ಲರಿ. ನೀವು ಒದರೂದಕ್ಕಿಂತ ಭಾಳ ಮೊದಲ ಯವ್ವಗ ಗೊತ್ತಾಗಿತ್ತು."

ಆಮೇಲೆ ಹೇಳಿದೆ. ಇದನ್ನು ಯಾವ ಚಹಾದಂಗಡಿಯಲ್ಲೂ ಹೇಳಿರಲಿಲ್ಲ, ರಾಜೇಶ್ವರಿಗೂ ಹೇಳಿರಲಿಲ್ಲ.

ಹಾಡು ಹಚ್ಚಿ ಸ್ವಲ್ಪವೇ ಹೊತ್ತಾಗಿತ್ತು. ಪಡಸಾಲೆಯಲ್ಲಿ ಆಗಷ್ಟೇ ಸಂಗನಬಸವನನ್ನು ಗೋಡೆಗೆ ಆನಿಸುತ್ತಿದ್ದರು. ಒಂದು ಸಣ್ಣ ದನಿಯ ಹಾಡು ಬಂತು. ಕಿಟಕಿಯೊಳಗಿನಿಂದ ಸಾವಿತ್ರೆವ್ವ ಕರೆದಳು.

"ಯಾರದು, ಮೈಲಾರಿ ಏನೋ?"

"ಹೌದ್ರಿ ಯವ್ವಾ. ಅಜ್ಜಾರು ಬಂದಾರ, ಪಾದಪೂಜಿ ನಡದೈತಿ," ಅಂದೆ, ಈರಪ್ಪ ಹೇಳಿಕೊಟ್ಟಿದ್ದಂತೆ.

"ಅಜ್ಜಾರು ಈ ಮನಿಗೆ ಬಂದ್ರ ಮೊದಲ ನನ್ನ ಮಂಚದ ಹಂತೇಕ ಬರತಾರ. ಇಲ್ಲಿ ವಿಭೂತಿ ಹಚ್ಚಿದ ಮ್ಯಾಲೆನ ಮಣಿ ಮ್ಯಾಲೆ ಕುಂದರತಾರ. ಈಸು ವರ್ಸ ಹಂಗ ನಡದೈತಿ." ಹೊದಿಕೆ ಸರಿ ಮಾಡಿಕೊಂಡಳು. "ನಿನ್ನೆ ರಾತ್ರಿ ಸಂಗಣ್ಣ ನನ್ನ ಕಾಲು ತಿಕ್ಕಾಕ ಬರಲಿಲ್ಲ."

ನಾನು ಫೋನು ನೋಡುತ್ತ ಕೂತೆ.

"ಕುಂದರಿಸ್ಯಾರೇನೋ ಅವನ್ನ?"

ನಾನು ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಸಾವಿತ್ರೆವ್ವ ಅಳಲಿಲ್ಲ. ಎದೆ ಹಿಡಿದುಕೊಳ್ಳಲಿಲ್ಲ. ತಲೆದಿಂಬಿನ ಮೇಲೆ ಮುಖವನ್ನು ನನ್ನ ಕಡೆ ಹೊರಳಿಸಿ ಹೇಳಿದಳು: "ತಮ್ಮಾ, ಈರಪ್ಪನ್ನ ಕರಿ. ಖುರ್ಚಿ ಮ್ಯಾಲೆ ಇಟ್ಟು ನನ್ನ ಒಯ್ಯಲಿ. ನಾ ಅಳೂದಿಲ್ಲ. ಅವನ ಮಾರಿ ಒಮ್ಮೆ ನೋಡಿ ಬಂದುಬಿಡತೇನಿ."

"ಕರೀತೇನ್ರಿ," ಅಂದು ನಾನು ಎದ್ದೆ. ಅಲ್ಲಿಯವರೆಗೆ ನಾನು ಸರಿ ಇದ್ದೆ. ಹಿತ್ತಲ ಬಾಗಿಲಲ್ಲಿ ನಿಂತು ಒಳಗೆ ನೋಡಿದರೆ ಈರಪ್ಪ ನಡುಮನೆಯಲ್ಲೇ ಇದ್ದ, ಯಾರಿಗೋ ಹೂವು ತರಲು ಹೇಳುತ್ತಿದ್ದ. ಒಳಗೆ ಹೋಗಿ ಮುದುಕಿಯನ್ನು ಎತ್ತಿಕೊಂಡು ಬರುವ ಅಧಿಕಾರ ಆ ಮನೆಯಲ್ಲಿ ನನಗಿಲ್ಲ ಎಂದು ಆಮೇಲೆ ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಆದರೆ ಎತ್ತುವುದು ಬೇಕಿರಲಿಲ್ಲ. ಕಾಕಾ ಎಂದು ಒಂದು ಸಲ ಕೂಗಿ ಕರೆದಿದ್ದರೆ ಸಾಕಿತ್ತು. ನಿಮ್ಮಾಣಿ ಎಂದು ಹೇಳಿ ಬಂದವನು ನಾನು. ಹಾಡು ಹಚ್ಚಿದ ಕೂಡಲೇ ಗುಟ್ಟು ಒಡೆಯಿತು ಎಂದು ಹೇಳುವುದು ಹೇಗೆ? ನಾಳೆ ಊರು ಏನನ್ನುತ್ತದೆ? ಮೈಲಾರಿಯ ಸೆಟಿಂಗ್ ಇಷ್ಟೇ ಏನು ಅನ್ನುತ್ತದೆ. ಅದನ್ನೇ ಯೋಚಿಸಿದೆ. ಬೇರೆ ಏನನ್ನೂ ಅಲ್ಲ.

ತಿರುಗಿ ಬಂದು ಕುರ್ಚಿಯಲ್ಲಿ ಕೂತೆ.

"ಕರದೇನೋ?" ಅಂದಳು. ಆ ಸಣ್ಣ ಹಾಡು ಇನ್ನೂ ಮುಗಿದಿರಲಿಲ್ಲ. ಅವಳ ದನಿ ಹಾಡಿಗಿಂತ ದೊಡ್ಡದಾಗಿ ಹಿತ್ತಲ ತುಂಬ ಕೇಳುತ್ತಿತ್ತು. ಯಾರಾದರೂ ಒಳಗಿನಿಂದ ಬಂದರೆ ಕೇಳಿಬಿಡುತ್ತಾರೆ ಅನ್ನಿಸಿತು. ಕಿಟಕಿಯ ಸ್ಪೀಕರಿನ ಆವಾಜು ಏರಿಸಿದೆ. ಅವಳು ಮತ್ತೇನೋ ಅಂದಳು. ತುಟಿ ಆಡುವುದು ಕಂಡಿತು, ಮಾತು ಕೇಳಲಿಲ್ಲ. ಇನ್ನಷ್ಟು ಏರಿಸಿದೆ. ಅದರ ಹಿಂದೆ ಬಂದ ಹಾಡು ದೊಡ್ಡ ದನಿಯದು, ಇಳಿಸಬೇಕಿತ್ತು, ಇಳಿಸಲಿಲ್ಲ. ಮಂಚದ ಬಾಜಿನ ನೀರಿನ ತಂಬಿಗೆ ಆ ಸದ್ದಿಗೆ ನಡುಗುತ್ತಿತ್ತು. ಸಾವಿತ್ರೆವ್ವ ಬಹಳ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ಮುಖವನ್ನು ಗೋಡೆಯ ಕಡೆ ಹೊರಳಿಸಿಕೊಂಡಳು. ಮಲಗಿದ್ದಳು ಎಂದು ನಾನು ಹೇಳಿಕೊಂಡು ತಿರುಗಿದ್ದು ಇದನ್ನೇ. ನಗು ಇರಲಿಲ್ಲ.

ಇಷ್ಟನ್ನೂ ಹೇಳಿ ಮುಗಿಸಿದೆ. ಮಹಾನಂದಕ್ಕ ಸ್ಟೂಲಿನ ಮೇಲೆ ಕೂತಿದ್ದಳು. ಯಾವಾಗ ಕೂತಳೋ ನಾನು ನೋಡಲಿಲ್ಲ. ಹೊರಗೆ ಹುಬ್ಬಳ್ಳಿಯ ಬಸ್ಸು ಬಂದು, ಮಂದಿಯನ್ನು ಇಳಿಸಿ, ಹತ್ತಿಸಿಕೊಂಡು ಹೋಯಿತು.

"ಅಂದ್ರ ಆಕಿಗೆ ಏನೂ ಆಗಲಿಲ್ಲ," ಅಂದಳು. "ಗೊತ್ತಾದ ಮ್ಯಾಲೂ."

"ಇಲ್ಲರಿ. ಏನೂ ಆಗಲಿಲ್ಲ. ನೋಡಬೇಕು ಅಂದ್ಲು, ಅಷ್ಟ."

"ಆಮ್ಯಾಲೆ ನನ್ನ ಮುಂದ ಯಾಕ ಬಾಯಿ ಬಿಡಲಿಲ್ಲ ಆಕಿ?"

"ಗೊತ್ತಿಲ್ಲರಿ. ಕೇಳಿದ್ದಕ್ಕ ನಾ ಏನು ಮಾಡಿದೆ ಅಂಬೂದು ನೋಡಿದ್ಲಲ್ಲ. ಮನಿಯವರ ಹೇಳಿ ಮಾಡಿಸ್ಯಾರ ಅಂತ ತಿಳಕೊಂಡಿರಬೇಕು. ಮಗನ ಮಾರಿ ತೋರಿಸೂದು ನಿಮಗ್ಯಾರಿಗೂ ಬ್ಯಾಡಾಗೈತಿ ಅಂತ."

ಅವಳು ಮುಂಗೈಯ ಗಾಯದ ಮೇಲೆ ಇನ್ನೊಂದು ಕೈ ಮುಚ್ಚಿಕೊಂಡಳು.

"ನೀ ಏರಿಸಿದಾಗ ಹೊತ್ತು ಎಷ್ಟಾಗಿತ್ತು? ಅವರನ್ನ ಎತ್ತಾಕ ಬಂದಿದ್ರೇನು?"

"ಇಲ್ಲರಿ. ಹೂವು ಸೈತ ಬಂದಿದ್ದಿಲ್ಲ."

"ಅಂದ್ರ ಆಕಿಗೆ ಮಗನ್ನ ತೋರಿಸಾಕ ಇಡೀ ದಿವಸ ಇತ್ತು."

"ಹೌದ್ರಿ," ಅಂದೆ. "ಇಡೀ ದಿವಸ ಇತ್ತು."